ನೆರಳು ಕೊಡುವ ಮುಳ್ಳುಮರ

ಭಾನುವಾರದ ಆರಾಧನೆಯಲ್ಲಿ ಬೇರೆಯವರಿಗಾಗಿ ಬೇಡುವ ಮಧ್ಯಸ್ಥಿಕೆಯ ಪ್ರಾರ್ಥನೆ ಬರುತ್ತದಲ್ಲ, ಅದರಲ್ಲಿ ‘ನಮ್ಮನ್ನು ಆಳುವವರಿಗಾಗಿ’ ಎಂದು ಒಂದು ಭಾಗ ಇದೆ. ಐವತ್ತು ವರ್ಷಗಳಿಂದ ಅದನ್ನು ಹೇಳುತ್ತಿದ್ದೇನೆ. ಮೊನ್ನೆ ಕೂತು ಎಣಿಸಿದೆ. 1974ರಲ್ಲಿ ನನಗೆ ದೃಢೀಕರಣವಾಗಿ ಸಭೆಯ ಪೂರ್ಣ ಸದಸ್ಯನಾದ ಮೇಲೆ 12 ಮಂದಿ ಪ್ರಧಾನಮಂತ್ರಿಗಳಿಗಾಗಿ ಪ್ರಾರ್ಥನೆ ಮಾಡಿದ್ದೇನೆ. ಅದರಲ್ಲಿ ಮುಕ್ಕಾಲು ಪಾಲು ಜನರ ಪಕ್ಷಕ್ಕೆ ನಾನು ವೋಟು ಹಾಕಿಲ್ಲ. ಒಬ್ಬಿಬ್ಬರ ವಿಷಯದಲ್ಲಿ ‘ಆಮೆನ್’ ಗಂಟಲಲ್ಲೇ ಸಿಕ್ಕಿಕೊಂಡದ್ದೂ ಉಂಟು. ಆದರೂ ಹೇಳಿದೆ.

ಚುನಾವಣೆಯ ಬಗೆಗಿನ ಈ ಮಾತುಕತೆಗೆ ನನ್ನನ್ನು ಕರೆಯಲು ಬಂದ ಹುಡುಗರು ಮೊದಲು ಕೇಳಿದ್ದು, “ಅಂಕಲ್, ಯಾರಿಗೆ ಹಾಕಬೇಕು ಅಂತ ಹೇಳ್ತೀರಾ?” ಅಂತ. ಹೇಳುವುದಿಲ್ಲ. ಸಭಾಪಾಲಕರು ಬೇಡ ಎಂದದ್ದಕ್ಕೆ ಅಲ್ಲ. ಅವರು ಹೇಳದಿದ್ದರೂ ನಾನು ಹೇಳುತ್ತಿರಲಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆ ಅಂತ 1951ರದ್ದು ಒಂದಿದೆ. ಅದರ 123ನೇ ಕಲಮಿನಲ್ಲಿ ಒಂದು ವಿಚಿತ್ರವಾದ ಮಾತಿದೆ, ನಿಮ್ಮಲ್ಲಿ ಎಷ್ಟು ಜನ ಓದಿದ್ದೀರೋ. ಹೀಗೆ ವೋಟು ಹಾಕಿದರೆ ದೇವರ ಸಿಟ್ಟಿಗೆ ಗುರಿಯಾಗುತ್ತೀಯ ಎಂದು ಮತದಾರನನ್ನು ನಂಬಿಸುವುದನ್ನು ಅದು ಚುನಾವಣಾ ಭ್ರಷ್ಟಾಚಾರದಲ್ಲಿ ಸೇರಿಸಿದೆ. ದೇವರ ಹೆಸರಲ್ಲಿ ಹೆದರಿಸಬಾರದು ಎಂದು ಪಾರ್ಲಿಮೆಂಟು ಬರೆದಿಟ್ಟಿದೆ. ನಮ್ಮ ಕೆಲವು ಪ್ರಸಂಗಪೀಠಗಳಿಗೂ ಇದು ಅನ್ವಯವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸಿದ್ದುಂಟು. ಹಿಂದಿನ ಬೆಂಚಿನವರು ಅಷ್ಟು ಜೋರಾಗಿ ನಗಬೇಡಿ, ರೆಕಾರ್ಡ್ ಆಗ್ತಿದೆ.

ಯಾರಿಗೆ ಹಾಕಬೇಕು ಎಂಬುದನ್ನು ಬಿಟ್ಟು, ನನ್ನ ಮನಸ್ಸನ್ನು ಸೆಳೆದ ಅಭ್ಯರ್ಥಿಗಳ ಬಗ್ಗೆ ಮಾತಾಡುತ್ತೇನೆ. ಸೆಳೆದದ್ದು, ಆಮೇಲೆ ಆದದ್ದು, ಎರಡೂ.

ಅದಕ್ಕೂ ಮೊದಲು ಒಂದು ಕಥೆ. ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದ ಒಂಬತ್ತನೇ ಅಧ್ಯಾಯ. ಸಂಡೇ ಸ್ಕೂಲಿನಲ್ಲಿ ಇಸ್ರಾಯೇಲರ ನಾಯಕ ಗಿದ್ಯೋನನ ಕಥೆ ಹೇಳಿಕೊಟ್ಟು ಅಲ್ಲಿಗೇ ನಿಲ್ಲಿಸುತ್ತಾರೆ, ಮುಂದಿನದು ಮಕ್ಕಳಿಗೆ ಬೇಡ ಎಂದು. ಮುಂದಿನದೇ ಚುನಾವಣೆಯ ಕಥೆ. ಗಿದ್ಯೋನ ಸತ್ತ ಮೇಲೆ ಅವನ ಮಗ ಅಬೀಮೆಲೆಕ ಶೆಕೆಮಿಗೆ ಹೋಗುತ್ತಾನೆ. ಅದು ಅವನ ತಾಯಿಯ ಊರು. ಸೋದರಮಾವಂದಿರ ಮೂಲಕ ಊರಿಗೆಲ್ಲ ಹೇಳಿಸುತ್ತಾನೆ: ಗಿದ್ಯೋನನ ಎಪ್ಪತ್ತು ಜನ ಮಕ್ಕಳು ಆಳುವುದು ಒಳ್ಳೆಯದೋ, ಒಬ್ಬ ಆಳುವುದು ಒಳ್ಳೆಯದೋ? ಅದೂ ಅಲ್ಲದೆ ನಾನು ನಿಮ್ಮದೇ ರಕ್ತ ಮಾಂಸ. ಊರಿನವರು ಏನಂದರು ಗೊತ್ತೇ? ಹೌದಲ್ಲ, ಇವನು ನಮ್ಮವನು. ಅಷ್ಟೇ. ಪ್ರಣಾಳಿಕೆ ಮುಗಿಯಿತು. ಬಾಳನ ಗುಡಿಯ ಹುಂಡಿಯಿಂದ ಎಪ್ಪತ್ತು ಬೆಳ್ಳಿ ನಾಣ್ಯ ತೆಗೆದುಕೊಟ್ಟರು. ಆ ದುಡ್ಡಿನಲ್ಲಿ ಅವನು ಪುಂಡರನ್ನು ಬಾಡಿಗೆಗೆ ಹಿಡಿದ, ಸ್ವಂತ ಅಣ್ಣತಮ್ಮಂದಿರನ್ನು ಕೊಲ್ಲಿಸಿದ. ಮೂರು ಸಾವಿರ ವರ್ಷದ ಹಿಂದಿನ ಕಥೆ ಎನ್ನುತ್ತಾರೆ. ದೇವರ ದುಡ್ಡು, ಬಾಡಿಗೆ ಹುಡುಗರು, ‘ನಮ್ಮವನು’ ಎನ್ನುವ ಮಾತು. ಇದರಲ್ಲಿ ಹಳೆಯದು ಯಾವುದು, ನೀವೇ ಹೇಳಿ.

ತಪ್ಪಿಸಿಕೊಂಡ ಕಿರಿಯವನು ಯೋತಾಮ. ಅವನು ಗೆರಿಜ್ಜೀಮ್ ಬೆಟ್ಟದ ತುದಿಗೆ ಹತ್ತಿ ಊರಿಗೆಲ್ಲ ಕೇಳುವ ಹಾಗೆ ಕೂಗಿ ಒಂದು ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಹೇಳುತ್ತಾನೆ. ಮರಗಳಿಗೆ ಒಬ್ಬ ಅರಸ ಬೇಕಾಯಿತಂತೆ. ಎಣ್ಣೆಮರವನ್ನು ಕೇಳಿದವು. ನನ್ನ ಎಣ್ಣೆ ಬಿಟ್ಟು ನಿಮ್ಮ ಮೇಲೆ ತೂಗಾಡಿಕೊಂಡು ಇರಲೋ ಎಂದಿತು ಅದು. ಅಂಜೂರಕ್ಕೆ ತನ್ನ ಸಿಹಿ ಬಿಟ್ಟು ಬರುವ ಮನಸ್ಸಿಲ್ಲ, ದ್ರಾಕ್ಷಿಗೆ ತನ್ನ ರಸ. ಕೊನೆಗೆ ಮುಳ್ಳಿನ ಪೊದೆಯನ್ನು ಕೇಳಿದವು. ಅದು ಕೂಡಲೇ ಒಪ್ಪಿತು. ಬನ್ನಿ, ನನ್ನ ನೆರಳಲ್ಲಿ ಆಶ್ರಯ ಪಡೆಯಿರಿ ಎಂದಿತು. ಬರದಿದ್ದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನು ಸುಟ್ಟೀತು ಎಂದೂ ಸೇರಿಸಿತು.

ನನ್ನ ಅಪ್ಪ ಚಿಕ್ಕಮಗಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಕರಾವಳಿಯಿಂದ ಘಟ್ಟ ಹತ್ತಿದ ಬಾಸೆಲ್ ಮಿಷನ್‌ನ ಪ್ರೊಟೆಸ್ಟಂಟ್ ಕುಟುಂಬ ನಮ್ಮದು. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ, ಲೆಕ್ಕದ ಪುಸ್ತಕದಲ್ಲಿ ಇಂಗ್ಲಿಷು. ತಿಂಗಳಿಗೊಮ್ಮೆ ಬರುವ ಪಾದ್ರಿ ಅಯ್ಯನವರು ಈ ಭಾಗವನ್ನು ಓದಿದ ದಿನ ಅಪ್ಪ ಮನೆಗೆ ಬರುತ್ತಾ ದಾರಿಯುದ್ದಕ್ಕೂ ನಗುತ್ತಿದ್ದರು. “ಪೊದೆಗೆ ಎಲ್ಲಿಯ ನೆರಳು ಮಾರಾಯಾ! ಕಾಫಿ ಗಿಡದವರನ್ನು ಕೇಳಿ ನೆರಳು ಅಂದ್ರೆ ಏನು ಅಂತ.” ಮಲೆನಾಡಿನವರು ಇಲ್ಲಿದ್ದರೆ ಗೊತ್ತು, ನೆರಳಿಲ್ಲದೆ ಕಾಫಿ ಇಲ್ಲ. ಅದಕ್ಕಾಗಿಯೇ ಹಾಲುವಾಣದ ಮರ ನೆಡುತ್ತಾರೆ. ಮೆಣಸಿನ ಬಳ್ಳಿ ಹಬ್ಬುವುದು ಅದಕ್ಕೆ, ಎಲೆ ಉದುರಿ ಗೊಬ್ಬರವಾಗುವುದು ಅದರದ್ದು. ಆದರೆ ಅಪ್ಪ ಸ್ವಲ್ಪ ಹೊತ್ತಾದ ಮೇಲೆ ತಮ್ಮನ್ನೇ ತಾವು ತಿದ್ದಿಕೊಂಡರು. ಹಾಲುವಾಣದ ಕಾಂಡಕ್ಕೂ ಮುಳ್ಳಿದೆಯಲ್ಲ, ಹತ್ತುವವನ ಕಾಲು ತರಿದು ಹಾಕುತ್ತದಲ್ಲ ಎಂದರು.

ಈ ಸಾಮ್ಯದ ಮೇಲೆ ನಾನು ಕೇಳಿದ ಪ್ರಸಂಗಗಳೆಲ್ಲ ಒಂದೇ ಕಡೆ ಹೋಗಿ ನಿಲ್ಲುತ್ತವೆ: ರಾಜಕೀಯ ಮುಳ್ಳಿನವರಿಗೆ ಸೇರಿದ್ದು, ನಾವು ಎಣ್ಣೆಮರಗಳು, ನಮ್ಮ ಪಾಡಿಗೆ ಇರೋಣ. ನನಗೆ ಇದು ಯಾವತ್ತೂ ಒಗ್ಗಿಲ್ಲ. ಎಣ್ಣೆಮರ ಬರುವುದಿಲ್ಲ ಎಂದದ್ದರಿಂದಲೇ ಅಲ್ಲವೇ ಪೊದೆಯ ಸರದಿ ಬಂದದ್ದು? ಅದರ ಎಣ್ಣೆ ಎಷ್ಟು ಪರಿಶುದ್ಧವಾಗಿದ್ದರೇನು, ಕಾಡಿಗೆ ಬೆಂಕಿ ಬಿದ್ದ ಮೇಲೆ ಅದು ಎಣ್ಣೆಯೇ, ಇನ್ನೂ ಚೆನ್ನಾಗಿ ಉರಿಯುತ್ತದೆ.

ಇನ್ನು 1978ಕ್ಕೆ ಬರುತ್ತೇನೆ. ಚಿಕ್ಕಮಗಳೂರು ಉಪಚುನಾವಣೆ. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ನಮ್ಮ ಊರಿಗೆ ಬಂದು ನಿಂತರು. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟಿದ್ದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ನನಗೆ ಇಪ್ಪತ್ತು ವರ್ಷ, ವೋಟಿಲ್ಲ. ಆಗ 21 ಆಗಬೇಕಿತ್ತು, 18ಕ್ಕೆ ಇಳಿದದ್ದು 1989ರಲ್ಲಿ. ವೋಟಿಲ್ಲದವನಿಗೆ ಚುನಾವಣೆ ಜಾತ್ರೆ ಇದ್ದ ಹಾಗೆ. ಎಲ್ಲ ಪಕ್ಷದ ಭಾಷಣಕ್ಕೂ ಹೋದೆ.

ಜಾರ್ಜ್ ಫರ್ನಾಂಡಿಸ್ ಬಂದದ್ದು ವೀರೇಂದ್ರ ಪಾಟೀಲರ ಪರ ಪ್ರಚಾರಕ್ಕೆ. ಕೇಂದ್ರದಲ್ಲಿ ಕೈಗಾರಿಕಾ ಮಂತ್ರಿ. ಇಸ್ತ್ರಿ ಕಾಣದ ಕುರ್ತಾ, ಕೆದರಿದ ಕೂದಲು. ಏನು ಮಾತಾಡಿದರು ಎಂದು ಕೇಳಿದರೆ ಒಂದು ವಾಕ್ಯವೂ ನೆನಪಿಲ್ಲ, ಸುಳ್ಳು ಹೇಳಲಾರೆ. ಭಾಷಣ ಮುಗಿದ ಮೇಲೆ ಬಸ್ಸು ಸಿಗದೆ ಏಳೆಂಟು ಮೈಲಿ ನಡೆದು ಬಂದೆವು, ಕಾಲು ನೋಯಲಿಲ್ಲ, ಅದು ನೆನಪಿದೆ. ಮರುದಿನ ಎಸ್ಟೇಟಿನ ಲೈನ್ ಮನೆಯ ಕೂಲಿ ಹೆಂಗಸರು ನನ್ನನ್ನು ಕರೆದು, “ರೈಟರ ಮಗ ಅಮ್ಮನ ವಿರುದ್ಧ ಪಾರ್ಟಿ ಸೇರಿದ್ದಾನಂತೆ” ಎಂದು ಛೇಡಿಸಿದರು. ಇಂದಿರಮ್ಮ ಎಪ್ಪತ್ತು ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ನಮ್ಮ ಅಪ್ಪನ ವೋಟೂ ಅದರಲ್ಲಿ ಒಂದು, ಅವರು ಸಾಯುವ ತನಕ ಒಪ್ಪಿಕೊಳ್ಳಲಿಲ್ಲ.

ಜಾರ್ಜ್ ಯಾಕೆ ನನ್ನನ್ನು ಹಿಡಿದರು? ಮಂಗಳೂರಿನವರು ಎಂದೇ? ಮೊದಲಿಗೆ ಹೌದು, ಅಷ್ಟೇ ಕಾರಣ. ಆಮೇಲೆ ಹುಡುಕಿ ಓದಿದೆ. ಹುಟ್ಟಿದ್ದು 1930ರ ಜೂನ್ 3, ಇಂಗ್ಲೆಂಡಿನ ಐದನೇ ಜಾರ್ಜ್ ಹುಟ್ಟಿದ ತಾರೀಖು. ಆ ರಾಜನ ಮೇಲಿನ ಅಭಿಮಾನದಿಂದ ತಾಯಿ ಅದೇ ಹೆಸರಿಟ್ಟರು. ಹದಿನಾರರಲ್ಲಿ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಎರಡು ಮೂರು ವರ್ಷಕ್ಕೆ ಬಿಟ್ಟು ಬಂದರು. ಕಾರಣ ಅವರೇ ಹೇಳಿಕೊಂಡಿದ್ದಾರೆ: ಸೆಮಿನರಿಯ ಮುಖ್ಯಸ್ಥರಾದ ರೆಕ್ಟರುಗಳು ಎತ್ತರದ ಮೇಜಿನಲ್ಲಿ ಕೂತು ಒಳ್ಳೆಯ ಊಟ ಮಾಡುತ್ತಿದ್ದರು, ಹುಡುಗರಿಗೆ ಕೆಳಗೆ ಬೇರೆ ಊಟ. ಬೋಧನೆ ಒಂದು, ಮೇಜು ಇನ್ನೊಂದು. ಎಷ್ಟು ಜನ ನಂಬಿಕೆಯ ದೊಡ್ಡ ದೊಡ್ಡ ಪ್ರಶ್ನೆಗಳಿಂದ ಸಭೆ ಬಿಟ್ಟು ಹೋಗುತ್ತಾರೆ ಎಂದುಕೊಳ್ಳುತ್ತೇವೆ. ಈ ಮನುಷ್ಯ ಬಿಟ್ಟದ್ದು ಊಟದ ಪಂಕ್ತಿಗಾಗಿ. ಅಪೊಸ್ತಲ ಪೌಲನೂ ಕೊರಿಂಥದ ಸಭೆಯವರಿಗೆ ಸಿಟ್ಟಿನಿಂದ ಬರೆದದ್ದು ಇದಕ್ಕೇ ಅಲ್ಲವೇ, ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಅಮಲೇರಿರುತ್ತಾನೆ ಎಂದು.

ಅಲ್ಲಿಂದ ಬೊಂಬಾಯಿ. ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಟ್ಯಾಕ್ಸಿಯವರ, ಹೋಟೆಲ್ ಮಾಣಿಗಳ, ಮುನಿಸಿಪಾಲಿಟಿ ಕೆಲಸಗಾರರ ಸಂಘ ಕಟ್ಟಿದರು. 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರ ವಿರುದ್ಧ ನಿಂತರು. ಪಾಟೀಲರು ಆ ನಗರದ ಯಜಮಾನರ ಹಾಗಿದ್ದವರು. ‘ದೇವರು ಬಂದರೂ ನನ್ನನ್ನು ಸೋಲಿಸಲಾರ’ ಎಂಬ ಅರ್ಥದ ಮಾತು ಅವರ ಬಾಯಿಂದ ಬಂತಂತೆ. ಜಾರ್ಜ್ ಕಡೆಯವರು ಗೋಡೆಗೆಲ್ಲ ಅಂಟಿಸಿದರು: ದೇವರಿಗೆ ಆಗದ್ದು ನಿಮ್ಮಿಂದ ಆಗುತ್ತದೆ. ಪಾಟೀಲರು ಸೋತರು. ಈ ಪೋಸ್ಟರು ದೇವದೂಷಣೆಯೇ ಎಂದು ನಾನೂ ಗೆಳೆಯರೂ ಒಂದು ರಾತ್ರಿಯಿಡೀ ವಾದ ಮಾಡಿದ್ದೇವೆ. ನನಗೆ ಹಾಗೆ ಕಾಣುವುದಿಲ್ಲ. ದೇವರು ನನ್ನ ಪರ ಎಂದವನಿಗಿಂತ, ಇದು ನಿಮ್ಮ ಕೆಲಸ, ದೇವರ ಮೇಲೆ ಹಾಕಬೇಡಿ ಎಂದವನೇ ಹೆಚ್ಚು ಭಯಭಕ್ತಿಯವನು.

ಅವರು ಮುಂದೆ ನಿಂತು ನಡೆಸಿದ 1974ರ ರೈಲ್ವೆ ಮುಷ್ಕರ, ಇಂದಿರಾ ಹೇರಿದ ತುರ್ತುಪರಿಸ್ಥಿತಿ, ಅದರ ವಿರುದ್ಧ ಸ್ಫೋಟದ ಸಂಚು ಮಾಡಿದರೆಂದು ಅವರ ಮೇಲೆ ಹೂಡಿದ ಬರೋಡ ಡೈನಮೈಟ್ ಪ್ರಕರಣ, ಇವೆಲ್ಲ ನಿಮಗೆ ಗೊತ್ತಿರುವುದೇ. ಒಂದು ವಿವರ ಮಾತ್ರ ಹೇಳಬೇಕು. ವರ್ಷದ ಹತ್ತಿರ ವೇಷ ಮರೆಸಿಕೊಂಡು ಓಡಾಡಿದ ಜಾರ್ಜ್ 1976ರ ಜೂನಿನಲ್ಲಿ ಸಿಕ್ಕಿಬಿದ್ದದ್ದು ಎಲ್ಲಿ? ಕಲ್ಕತ್ತೆಯ ಸೇಂಟ್ ಪಾಲ್ಸ್ ಕ್ಯಾಥೆಡ್ರಲಿನ ಆವರಣದಲ್ಲಿ. ಸೆಮಿನರಿ ಬಿಟ್ಟವನಿಗೆ ಕೊನೆಗೆ ಅಡಗಲು ಸಿಕ್ಕಿದ್ದು ದೇವಾಲಯದ ನೆರಳೇ. ಅದೂ ಕಥೋಲಿಕರದ್ದಲ್ಲ, ನಮ್ಮ ಪಂಗಡದ ಕಡೆಯದ್ದು. ಬೆಂದೂರಿನಿಂದ ಬಂದ ಕಥೋಲಿಕ ಗೆಳೆಯರು ಕ್ಷಮಿಸಬೇಕು, ಇದನ್ನು ಹೇಳದೆ ಇರಲು ನನ್ನಿಂದಾಗದು.

1977ರಲ್ಲಿ ಜೈಲಿನಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಅಭ್ಯರ್ಥಿ. ಕ್ಷೇತ್ರಕ್ಕೆ ಕಾಲಿಡಲು ಆಗಲಿಲ್ಲ. ಬೇಡಿ ಹಾಕಿದ ಕೈ ಎತ್ತಿದ ಅವರ ಚಿತ್ರವನ್ನು ಹೊತ್ತು ಜನ ಊರೂರು ತಿರುಗಿದರು. ಮೂರು ಲಕ್ಷಕ್ಕೂ ಮೀರಿದ ಅಂತರದ ಗೆಲುವು. ಅಲ್ಲಿ ಕ್ರೈಸ್ತರು ಎಷ್ಟು? ಬೆರಳಲ್ಲಿ ಎಣಿಸಬಹುದು. ಅವರ ಜಾತಿಯೇ ಇಲ್ಲದ, ಭಾಷೆಯಲ್ಲದ, ಧರ್ಮವಲ್ಲದ ಮನುಷ್ಯನಿಗೆ ಮುಜಫ್ಫರಪುರದ ಜನ ವೋಟು ಹಾಕಿದರು. ‘ನಮ್ಮವನು’ ಎಂದು ಎದೆ ತಟ್ಟಿಕೊಳ್ಳುವ ನಾವು? ಅವರು 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತಾಗ ಸೋಲಿಸಿ ಕಳಿಸಿದೆವು. ಗೆದ್ದವರು ಜಾಫರ್ ಷರೀಫರು, ಅವರೂ ಸಣ್ಣ ಆಳಲ್ಲ, ಅದು ಬೇರೆ ಮಾತು. ಜಾರ್ಜ್ ಲೋಕಸಭೆಗೆ ಹೋದದ್ದು ಬೊಂಬಾಯಿಯಿಂದ, ಬಿಹಾರದಿಂದ. ತವರಿನಿಂದ ಒಂದು ಸಲವೂ ಅಲ್ಲ. ಪ್ರವಾದಿಗೆ ಸ್ವಂತ ಊರಿನಲ್ಲಿ ಮರ್ಯಾದೆ ಇಲ್ಲ ಎನ್ನುವುದು ಎಲ್ಲರಿಗೂ ಬಾಯಿಪಾಠ. ಆ ಊರಿನವರು ನಾವೇ ಎನ್ನುವುದು ಮರೆತುಹೋಗುತ್ತದೆ.

ಆ ಬೇಡಿ ಹಾಕಿದ ಚಿತ್ರ ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ನನ್ನ ಬೈಬಲಿನ ಹೊದಿಕೆಯೊಳಗೆ ಇಟ್ಟುಕೊಂಡಿದ್ದೆ. ಇಟ್ಟುಕೊಳ್ಳಬಾರದಿತ್ತು. ಯಾಕೆಂದು ಹೇಳುತ್ತೇನೆ.

1979ರ ಜುಲೈನಲ್ಲಿ ಲೋಕಸಭೆಯಲ್ಲಿ ತಾವೇ ಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿ ಸರ್ಕಾರವನ್ನು ಸಮರ್ಥಿಸಿ ಜಾರ್ಜ್ ಭರ್ಜರಿ ಭಾಷಣ ಮಾಡಿದರು. ಕೆಲವೇ ದಿನಗಳಲ್ಲಿ ಅದೇ ಸರ್ಕಾರಕ್ಕೆ ರಾಜೀನಾಮೆ ಕೊಟ್ಟರು. ನಾನು ಬ್ಯಾಂಕಿಗೆ ಸೇರಿದ ಹೊಸತು, ಕ್ಯಾಂಟೀನಿನಲ್ಲಿ ಮುಖ ತೋರಿಸಲು ಆಗಲಿಲ್ಲ. ಆದರೂ ಚಿತ್ರ ತೆಗೆಯಲಿಲ್ಲ. ರಾಜಕೀಯ ಎಂದರೆ ಹಾಗೆಯೇ, ಶಿಷ್ಯನಾದ ಪೇತ್ರನೂ ಯೇಸುವನ್ನು ಮೂರು ಸಲ ಅಲ್ಲಗಳೆದವನೇ ಎಂದು ಸಮಾಧಾನ ಹೇಳಿಕೊಂಡೆ. ಪೇತ್ರ ಕೋಳಿ ಕೂಗಿದ ಮೇಲೆ ಅತ್ತಿದ್ದ ಎಂಬುದನ್ನು ಮಾತ್ರ ಬದಿಗಿಟ್ಟೆ.

1999ರ ಜನವರಿ. ಒಡಿಶಾದ ಕೇಂದುಝರ್ ಜಿಲ್ಲೆಯ ಮನೋಹರಪುರ. ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿಕೊಂಡಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ಗಾಡಿಯಲ್ಲಿ ಮಲಗಿದ್ದರು. ಫಿಲಿಪ್‌ಗೆ ಹತ್ತು, ತಿಮೊಥಿಗೆ ಆರು ವರ್ಷ. ಗಾಡಿಗೆ ಬೆಂಕಿ ಹಚ್ಚಿ ಮೂವರನ್ನೂ ಕೊಂದರು. ಕೇಂದ್ರ ಸರ್ಕಾರ ಮೂವರು ಮಂತ್ರಿಗಳ ತಂಡ ಕಳಿಸಿತು, ಅದರ ಮುಂದಾಳು ಆಗಿನ ರಕ್ಷಣಾ ಮಂತ್ರಿ ಜಾರ್ಜ್ ಫರ್ನಾಂಡಿಸ್. ನಾನು ರೇಡಿಯೋ ಬಿಟ್ಟು ಏಳಲಿಲ್ಲ. ಬೇರೆ ಯಾರು ಏನು ಹೇಳಲಿ, ಈ ಮನುಷ್ಯ ಸತ್ಯ ಹೇಳುತ್ತಾನೆ ಎಂದು. ತಂಡ ಹೋಗಿ ಬಂದು ಹೇಳಿದ್ದು, ಇದು ಸರ್ಕಾರವನ್ನು ಅಸ್ಥಿರಗೊಳಿಸಲು ನಡೆದ ಅಂತರರಾಷ್ಟ್ರೀಯ ಪಿತೂರಿ ಎಂದು. ಸುಟ್ಟ ಗಾಡಿಯ ಮುಂದೆ ನಿಂತು ಬಂದವರ ಮಾತು ಇದು. ಆ ದಿನ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದ್ದೇನೆ ಎಂದದ್ದನ್ನೂ ಓದಿದ್ದೆ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ಹೆಂಗಸು ಕ್ಷಮಿಸಿದರು. ನನ್ನಿಂದ ಒಂದು ಹೇಳಿಕೆಯನ್ನು ಕ್ಷಮಿಸಲು ಆಗಲಿಲ್ಲ. ಚಿತ್ರವನ್ನು ಬೈಬಲಿನಿಂದ ತೆಗೆದೆ.

ಹರಿದು ಹಾಕಿದಿರಾ ಎಂದು ಕೇಳುತ್ತೀರಿ. ಇಲ್ಲ. ಹಳೆಯ ಪಾಸ್‌ಬುಕ್ಕುಗಳ ಡ್ರಾಯರಿನಲ್ಲಿ ಇಟ್ಟೆ, ಈಗಲೂ ಅಲ್ಲೇ ಇದೆ. ಜಮಾ ಖರ್ಚು ಎರಡೂ ಇರುವ ಜಾಗ. 1967ರ ಜಾರ್ಜ್ ಸುಳ್ಳಲ್ಲ, 1999ರ ಜಾರ್ಜ್ ಸುಳ್ಳಲ್ಲ. ಭಾನುವಾರ ಭಾನುವಾರ ಎದ್ದು ನಿಂತು ಮಾಡಬಾರದ್ದನ್ನು ಮಾಡಿದ್ದೇವೆ ಎಂದು ಬಾಯಿಬಿಟ್ಟು ಹೇಳುವ ನಮಗೆ ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಸುಲಭವಾಗಬೇಕಿತ್ತು. ಆಗುವುದಿಲ್ಲ. ಮೆಚ್ಚಿದವರನ್ನು ಗೂಡಿನಲ್ಲಿಟ್ಟು ದೀಪ ಹಚ್ಚುತ್ತೇವೆ, ಇಲ್ಲವೇ ಬೀದಿಗೆ ಎಸೆಯುತ್ತೇವೆ. ಅವರು 2019ರ ಜನವರಿಯಲ್ಲಿ ದೆಹಲಿಯಲ್ಲಿ ತೀರಿಕೊಂಡಾಗ ದೇಹವನ್ನು ಸುಟ್ಟು, ಬೂದಿಯನ್ನು ಕ್ರೈಸ್ತರ ಸ್ಮಶಾನದಲ್ಲಿ ಹೂಳಿದರು. ಬೆಂಕಿಗೂ ಪಾಲು, ಮಣ್ಣಿಗೂ ಪಾಲು.

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ. ಈಚೆಗೆ ಪ್ರತಿ ಚುನಾವಣೆಗೂ ನಮ್ಮ ಹಿರಿಯರಲ್ಲಿ ಒಂದು ಲೆಕ್ಕ ಶುರುವಾಗುತ್ತದೆ, ಯಾವ ಪಕ್ಷ ಕ್ರೈಸ್ತರಿಗೆ ಎಷ್ಟು ಟಿಕೆಟ್ ಕೊಟ್ಟಿತು ಎಂದು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ನಾವು ನೂರಕ್ಕೆ ಇಬ್ಬರೂ ಇಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿ ಆದಾಗ ನೀವು ಇಲ್ಲಿ ಅನೇಕರು ಮಕ್ಕಳು. ಆ ಭಯ ಇರುವ ಮನೆಯಲ್ಲಿ ‘ನಮ್ಮವರು ಯಾರಿದ್ದಾರೆ’ ಎಂದು ಕೇಳುವುದನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಒಂದು ಹಳೆಯ ಸಂಗತಿ ನೆನಪಿರಲಿ. ಸಂವಿಧಾನ ಸಭೆ 1947ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಕೊಡುವುದಕ್ಕೆ ಒಪ್ಪಿತ್ತು. ಕ್ರೈಸ್ತರಿಗೆ ಮದ್ರಾಸು, ಬೊಂಬಾಯಿ ಪ್ರಾಂತಗಳಲ್ಲಿ. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸಿಗೇ ಸೇರಿತ್ತು, ನೋಡಿ! 1949ರ ಮೇ ತಿಂಗಳಲ್ಲಿ ಅದು ಬೇಡ ಎಂಬ ನಿರ್ಣಯವನ್ನು ಸಲಹಾ ಸಮಿತಿಯಲ್ಲಿ ತಂದವರು ಸಂವಿಧಾನ ಸಭೆಯ ಉಪಾಧ್ಯಕ್ಷ ಎಚ್.ಸಿ. ಮುಖರ್ಜಿ, ಬಂಗಾಳದ ಕ್ರೈಸ್ತರು. ಬೆಂಬಲಿಸಿದವರಲ್ಲಿ ಒಬ್ಬರು ಮಂಗಳೂರಿನ ಯೇಸುಸಭೆಯ (ಜೆಸುಯಿಟ್) ಗುರು ಜೆರೋಮ್ ಡಿಸೋಜ. ಕೈಗೆ ಬಂದದ್ದನ್ನು ಬಿಟ್ಟರು ಎಂದು ಈಗಲೂ ಬೈಯುವವರಿದ್ದಾರೆ. ನನಗೆ ಅದು ಈ ನೆಲದಲ್ಲಿ ಕ್ರೈಸ್ತರು ಮಾಡಿದ ಅತ್ಯಂತ ಧೈರ್ಯದ ರಾಜಕೀಯ ಕೆಲಸವಾಗಿ ಕಾಣುತ್ತದೆ. ನೆರೆಯವನ ವೋಟು ಕೇಳುವ ಹಾಗೆ ಬದುಕುತ್ತೇವೆ ಎಂದು ಒಪ್ಪಿಕೊಂಡ ಹಾಗೆ ಅದು. ಉಡುಪಿಯಲ್ಲಿ ಆಸ್ಕರ್ ಫರ್ನಾಂಡಿಸರು 1980ರಿಂದ ಸತತ ಐದು ಸಲ ಗೆದ್ದದ್ದು ನಮ್ಮ ಸಂಖ್ಯೆಯಿಂದಲೇ?

ಇನ್ನು ರಾಜಕೀಯ ಹೊಲಸು ಎನ್ನುವವರಿಗೆ ನಾನು ಹಿಂದೆ ಇದ್ದ ಒಂದು ಊರಿನ ಸಭೆಯ ಕಮಿಟಿ ಚುನಾವಣೆ ತೋರಿಸಬೇಕಿತ್ತು. ಎರಡು ಪಾರ್ಟಿ, ಎರಡು ಬಣ್ಣದ ಚೀಟಿ. ವರ್ಷವಿಡೀ ಆರಾಧನೆಗೆ ಬಾರದವರನ್ನು ವ್ಯಾನಿನಲ್ಲಿ ತಂದು, ಉಪ್ಪಿಟ್ಟು ಕಾಫಿ ಕೊಟ್ಟು, ಸರತಿಯಲ್ಲಿ ನಿಲ್ಲಿಸಿದರು. ಆ ವರ್ಷದ ಉಪ್ಪಿಟ್ಟು ಚೆನ್ನಾಗಿತ್ತು. ನಾನೂ ತಿಂದೆ. ಎರಡೂ ಕಡೆಯದು.

ಕೊನೆಗೆ ಇನ್ನೊಬ್ಬ ಅಭ್ಯರ್ಥಿ. ಹೆಸರು ಹೇಳಿದರೆ ಅವರಿಗೆ ಮುಜುಗರ. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದ ಹೆಂಗಸು, ನಮ್ಮ ಸಭೆಯವರಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ. ಪಂಚಾಯತಿನ ಪೈಪು ನಮ್ಮ ಗುಡ್ಡದ ಕೆಳಗೇ ನಿಂತಿತ್ತು. ಅರ್ಜಿ ಬರೆಸಿ, ಮನೆಮನೆಗೆ ಹೋಗಿ ಸಹಿ ಹಾಕಿಸಿ, ಎರಡು ವರ್ಷ ಪಂಚಾಯತಿ ಮೆಟ್ಟಿಲು ಹತ್ತಿ ಇಳಿದು ಪೈಪನ್ನು ಮೇಲೆ ತಂದವರು ಅವರು. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ಬಂದಾಗ ನಿಲ್ಲಿ ಎಂದೆವು. ಎಣ್ಣೆಮರದ ಮಾತನ್ನೇ ಆಡಿದರು: “ನಾನು ಕೂತರೆ ಬೀಡಿ ಯಾರು ಕಟ್ಟುವುದು?” ಒಂದು ವಾರ ಕಾಡಿದ ಮೇಲೆ ನಿಂತರು. ಆ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ ಎಂದು ಕಾನೂನು ಹೇಳುತ್ತದೆ. ಯಾರ ಹಿಂದೆ ಯಾವ ಪಕ್ಷ ಎಂದು ಊರಿನ ನಾಯಿಗೂ ಗೊತ್ತಿರುತ್ತದೆ. ಅವರ ಹಿಂದೆ ಯಾರೂ ಇರಲಿಲ್ಲ. ನಾನು ಅರವತ್ತೆರಡರ ವಯಸ್ಸಿನಲ್ಲಿ ಮೊದಲ ಸಲ ಒಬ್ಬರಿಗಾಗಿ ಕರಪತ್ರ ಹಂಚಿದೆ. ನಾಯಿ ಕಚ್ಚಲು ಬಂದದ್ದು ಎರಡು ಮನೆಯಲ್ಲಿ, ಒಳಗೆ ಕರೆದು ಚಹಾ ಕೊಟ್ಟು ವೋಟು ಬೇರೆಯವರಿಗೆ ಎಂದದ್ದು ನಮ್ಮದೇ ಸಭೆಯ ಮೂರು ಮನೆಯಲ್ಲಿ.

ಹನ್ನೊಂದು ವೋಟಿನಲ್ಲಿ ಸೋತರು.

ಮುಂದಿನ ಭಾನುವಾರ ಆರಾಧನೆಯಲ್ಲಿ ‘ನಮ್ಮನ್ನು ಆಳುವವರಿಗಾಗಿ’ ಬಂತು. ಸೋತವರಿಗೆ ಆ ಪ್ರಾರ್ಥನೆಯ ಪುಸ್ತಕದಲ್ಲಿ ಸಾಲಿಲ್ಲ. ನಾನು ಅಲ್ಲಿ ಸ್ವಲ್ಪ ಹಿಂದೆ ಬಿದ್ದೆ, ಸಭೆ ಮುಂದಿನ ಪ್ರಾರ್ಥನೆಗೆ ಹೋಗಿಯಾಗಿತ್ತು. ಮನೆಗೆ ಬಂದರೆ ಗೇಟಿನ ಹತ್ತಿರ ಅವರು ನಿಂತಿದ್ದಾರೆ, ಕೈಯಲ್ಲಿ ಕಾಗದ. ನನಗೆ ಏನು ಸಮಾಧಾನ ಹೇಳುವುದು ಎಂದು ತಿಳಿಯದೆ, ಬನ್ನಿ ಕೂತುಕೊಳ್ಳಿ ಎಂದೆ. ಕೂರಲಿಲ್ಲ. ಗುಡ್ಡದ ಆಚೆ ಬದಿಯ ನಾಲ್ಕು ಮನೆಗಳಿಗೆ ಇನ್ನೂ ನೀರು ಹೋಗಿಲ್ಲವಂತೆ, ಹೊಸ ಅಧ್ಯಕ್ಷರಿಗೆ ಅರ್ಜಿ. ಪೆನ್ನು ಅವರೇ ತಂದಿದ್ದರು.